ಕೊನೆಯ ನಾಲ್ಕು ಸಾಲು

ಕೋಳಿಗಳಿಗೆ ಕಾಳು ಹಾಕುವುದು ದೊಬ್ರಿನ್‌ನ ಕೆಲಸವಾಗಿತ್ತು. ಇನ್ನು ಮೇಲೆ ಯಾರು ಹಾಕಬೇಕೆಂದು ಅತ್ತೆ ಸೊಸೆ ಮಾತಾಡಿಕೊಂಡಿರಲಿಲ್ಲ. ಅವನನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಅವನ ಹೆಂಡತಿ ಇಸ್ಕ್ರಾ ಮುಂಬಾಗಿಲಿನಿಂದ ಹೋಗಿ ಬೊಗಸೆ ತುಂಬ ಗೋಧಿ ಚೆಲ್ಲಿ ಬಂದಳು. ಸ್ವಲ್ಪ ಹೊತ್ತಿಗೆ ಹಿಂಬಾಗಿಲಿನಿಂದ ಅತ್ತೆ ಗುನಾ ಹೋಗಿ ಅಷ್ಟೇ ಗೋಧಿ ಚೆಲ್ಲಿದಳು. ಕೋಳಿಗಳು ಎರಡನೆಯ ಸಲವೂ ತಿಂದವು.

"ನೀನೂ ಹಾಕಿದ್ಯಾ?" ಗುನಾ ಹೊಸ್ತಿಲಲ್ಲಿ ನಿಂತು ಕೇಳಿದಳು.

"ಹಾಕಿದ್ದೆ ಅತ್ತೆ."

"ಹೇಳ್ಬಾರ್ದಾ? ಕೊಬ್ಬಿದ ಕೋಳಿ ಮೊಟ್ಟೆ ಇಡಲ್ಲ."

ನಿನ್ನೆ ಊರಿಗೆಲ್ಲ ಬಡಿಸಿದ ತಾಮ್ರದ ಹಂಡೆ ಅಂಗಳದಲ್ಲಿ ಬೋರಲು ಬಿದ್ದಿತ್ತು. ಗೇಟಿಗೆ ಅಂಟಿಸಿದ, ಸಾವಿನ ಸುದ್ದಿಯ ಕಪ್ಪು ಅಂಚಿನ ಕಾಗದದ ಫೋಟೋದಲ್ಲಿ ದೊಬ್ರಿನ್ ಮದುವೆಯ ದಿನದ ಟೈ ಕಟ್ಟಿಕೊಂಡು ನಗುತ್ತಿದ್ದ. ಸಂತೆಯಿಂದ ಬರುವಾಗ ಅವನ ಮೋಟಾರ್ ಸೈಕಲ್ಲು ಸೇತುವೆಯಿಂದ ಕೆಳಗೆ ಬಿದ್ದಿತ್ತು. ಇಸ್ಕ್ರಾ ಇನ್ನೂ ಅತ್ತಿರಲಿಲ್ಲ. ಅದನ್ನು ಹೆಂಗಸರು ಗಮನಿಸಿದ್ದರು, ಅವರು ಗಮನಿಸಿದ್ದನ್ನು ಅವಳೂ ಗಮನಿಸಿದ್ದಳು. ಮೂಗಿಗೆ ಯಾವ ವಾಸನೆಯೂ ಹತ್ತುತ್ತಿರಲಿಲ್ಲ. ಒಲೆಯ ಮೇಲಿನ ಹಾಲು ಸೀದದ್ದು ಹೊಗೆ ಕಂಡ ಮೇಲೆಯೇ ತಿಳಿಯಿತು. ಪಾತ್ರೆ ಇಳಿಸಿ, ಕಪ್ಪು ಸ್ಕಾರ್ಫು ಬಿಗಿದುಕೊಂಡು ಹೊಲಕ್ಕೆ ಹೊರಟಳು.

ಹೊಲ ಊರಿನ ಆಚೆ, ಗಾಳಿಗೆ ಅಡ್ಡವಾಗಿ ಬೆಳೆಸಿದ ಅಕೇಶಿಯ ಮರಗಳ ಕೆಳಗೆ. ಎರಡು ಎಕರೆ ಸೂರ್ಯಕಾಂತಿ. ಗಿಡಗಳು ಗೇಣಿಗಿಂತ ತುಸು ಮೇಲೆದ್ದಿದ್ದವು. ಸಾಲುಗಳ ನಡುವೆ ಬೆಳ್ಳಗೆ ಏನೋ ಚೆಲ್ಲಿದಂತಿತ್ತು. ಅಕೇಶಿಯದ ಹೂವು ಉದುರಿದೆ ಅಂದುಕೊಂಡಳು. ಆದರೆ ಮರಗಳಿಂದ ದೂರ ಹೋದಂತೆಲ್ಲ ಅದು ಹಾಗೆಯೇ ಇತ್ತು. ಬಗ್ಗಿ ಒಂದು ಚಿಟಿಕೆ ಎತ್ತಿಕೊಂಡಳು. ದುಂಡನೆಯ ಸಣ್ಣ ಹರಳುಗಳು. ಇಬ್ಬನಿಗೆ ಆಗಲೇ ಬೆವೆತು ಬೆರಳಿಗೆ ಅಂಟಿಕೊಂಡವು.

ಬಿಳಿ ಗೊಬ್ಬರ. ಸಾರಜನಕ.

"ಹೆದರ್ಬೇಡ ಮಗಳೇ, ನಾವೇ!"

ಹೊಲದ ತಲೆಯಲ್ಲಿ ಪಕ್ಕದ ಮನೆಯ ಕಾನ್ಯೊ ಮಾವ ಮತ್ತು ಅವನ ಹೆಂಡತಿ ಪೆನಾ ಖಾಲಿ ಬಕೆಟ್ಟುಗಳನ್ನು ಬೋರಲು ಹಾಕಿ ಅವುಗಳ ಮೇಲೆ ಕುಳಿತಿದ್ದರು. ಸಹಕಾರಿ ಬೇಸಾಯ ಇದ್ದ ಕಾಲದಲ್ಲಿ ಕಾನ್ಯೊ ಟ್ರ್ಯಾಕ್ಟರುಗಳ ಮೇಸ್ತ್ರಿ. ಈಗಲೂ ಊರಿನ ಯಾವ ಹೊಲದ ಮುಂದೆ ಹೋದರೂ ನಿಂತು ಕಣ್ಣಳತೆ ಮಾಡದೆ ಮುಂದೆ ಹೋಗುತ್ತಿರಲಿಲ್ಲ.

"ನಿನ್ನೆ ಅವನನ್ನ ಹೊತ್ಕೊಂಡು ಹೋಗ್ತಾ ಹೊಲ ನೋಡ್ದೆ," ಎಂದ. "ಗಿಡ ಎಲ್ಲ ಬಡಕಲು. ಹುಡುಗನ ಕೈಲಿ ದುಡ್ಡು ಆಡಲಿಲ್ಲ ಅಂತ ಕಾಣುತ್ತೆ, ಬಾಯಿ ಬಿಟ್ಟು ಕೇಳೋ ಜಾಯಮಾನ ಅಲ್ಲ ಅವನದು. ಬೆಳಕು ಹರಿಯೋ ಮೊದಲೇ ಬಂದು ಹಾಕಿಬಿಟ್ವಿ. ನಮ್ಮ ಕೈಲಿ ಇನ್ನೇನು ಮಾಡಕ್ಕಾಗುತ್ತೆ? ಹೂವಿನ ಹಾರ ತಂದ್ರೆ ಬಾಡಿ ಹೋಗುತ್ತೆ."

"ಈ ಮನುಷ್ಯನಿಗೆ ಹಾರ ಕೊಳ್ಳಕ್ಕೆ ಎಲ್ಲಿ ಬರುತ್ತೆ?" ಎಂದಳು ಪೆನಾ. "ನನ್ನ ಜೀವಮಾನದಲ್ಲಿ ಒಂದು ಹೂ ತಂದವರಲ್ಲ. ಗೊಬ್ಬರ ಬೇಕಾದ್ರೆ ಮೂಟೆ ಮೂಟೆ ತರ್ತಾರೆ."

"ಸುಮ್ನಿರೇ." ಕಾನ್ಯೊ ಟೋಪಿ ತೆಗೆದು ಮುಖ ಒರೆಸಿಕೊಂಡ. "ಅಗೋ, ಪಕ್ಕದ ರೆಮ್ಜಿ ಹೊಲದ ಕಡೆ ಕೊನೇ ನಾಲ್ಕು ಸಾಲಿಗೆ ಸಾಲಲಿಲ್ಲ. ತಪ್ಪು ತಿಳ್ಕೋಬೇಡಮ್ಮ."

ಇಸ್ಕ್ರಾ ಬೆರಳಿನ ಹರಳುಗಳನ್ನು ಉಜ್ಜುತ್ತ ನಿಂತಳು. ಅವು ಕರಗಿದವು.

ಅವಳು ಪ್ಲೊವ್ದಿವ್ ನಗರದಲ್ಲಿ ಮಣ್ಣಿನ ರಸಾಯನ ಓದಿದವಳು. ಸಹಕಾರಿ ಬೇಸಾಯ ಮುಗಿದು ತಾತನ ಜಮೀನು ವಾಪಸು ಬಂದ ವರ್ಷ ದೊಬ್ರಿನ್ ತಾಯಿ ಕಸೂತಿ ಹಾಕಿದ ದಿಂಬಿನ ಚೀಲದ ತುಂಬ ಹೊಲದ ಮಣ್ಣು ತುಂಬಿಕೊಂಡು, ರೈಲಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡು, ಅವಳಿದ್ದ ಪ್ರಯೋಗಾಲಯಕ್ಕೆ ಬಂದಿದ್ದ. ಒಂದು ಬಟ್ಟಲು ಸಾಕಿತ್ತಲ್ಲ ಎಂದು ಅವಳು ನಕ್ಕಾಗ, "ಎಷ್ಟು ಬೇಕೋ ಗೊತ್ತಿರಲಿಲ್ಲ, ಕಡಿಮೆ ಆಗ್ಬಾರ್ದಲ್ಲ" ಎಂದಿದ್ದ. ಮರುವರ್ಷ ಅವಳು ದೊಬ್ರುಜಾದ ಈ ಬಯಲಿಗೆ ಸೊಸೆಯಾಗಿ ಬಂದಳು.

ಈ ಹೊಲದಲ್ಲಿ ಗುನಾ ಕುರಿಗಳಿಗಾಗಿ ವರ್ಷಗಟ್ಟಲೆ ಕುದುರೆಮಸಾಲೆ ಸೊಪ್ಪು ಬೆಳೆದಿದ್ದಳು. ಆ ಬೇರುಗಳೇ ಮಣ್ಣಿನಲ್ಲಿ ಬೇಕಾದಷ್ಟು ಸಾರಜನಕ ಬಿಟ್ಟಿದ್ದವು. ಸೂರ್ಯಕಾಂತಿಗೆ ಈ ಸಲ ಬಿಳಿ ಗೊಬ್ಬರ ಬೇಡವೆಂದು ಇಸ್ಕ್ರಾ ಹೇಳಿದ್ದಳು. ಹೆಚ್ಚಾದರೆ ಗಿಡ ಎತ್ತರ ಬೆಳೆಯುತ್ತದೆ, ಕಾಂಡ ಮೆತ್ತಗಾಗುತ್ತದೆ, ಗಾಳಿಗೆ ಮಲಗುತ್ತದೆ. ಮಲಗದಿದ್ದರೂ ಕಾಳಿನಲ್ಲಿ ಎಣ್ಣೆ ಕಡಿಮೆಯಾಗುತ್ತದೆ. ವಸಂತ ತಣ್ಣಗಿದ್ದುದರಿಂದ ಗಿಡ ಹಿಂದೆ ಬಿದ್ದಿದೆಯೇ ಹೊರತು ಹಸಿವಿನಿಂದಲ್ಲ, ಬಿಸಿಲು ಬಂದರೆ ತಾನೇ ಏಳುತ್ತದೆ. ಹೆಂಡದಂಗಡಿಯಲ್ಲಿ ಊರವರು, "ಓದಿದ ಹೆಂಡತಿ ಗಿಡಕ್ಕೂ ಉಪವಾಸ ಹಾಕಿದ್ದಾಳೆ" ಎಂದು ದೊಬ್ರಿನ್‌ನನ್ನು ರೇಗಿಸಿದ್ದರು. ಅವನೂ ಅವರ ಜೊತೆ ನಕ್ಕಿದ್ದ. ನಕ್ಕು ಮನೆಗೆ ಬಂದಿದ್ದ. ಒಂದು ಹಿಡಿ ಗೊಬ್ಬರವನ್ನೂ ಹಾಕಿರಲಿಲ್ಲ.

ಅವಳ ಮಾತನ್ನು ಹಾಗೆ ನಂಬಿ ನಡೆದ ಒಬ್ಬನೇ ಮನುಷ್ಯನ ಹೊಲ ಅದು. ಇಬ್ಬರು ಹೆಂಗಸರ ಮುಂದಿನ ವರ್ಷವೂ ಅದರ ಎಣ್ಣೆಯಲ್ಲೇ ಇತ್ತು.

ಪೆನಾ ಕಾಯುತ್ತಿದ್ದಳು. ಕಾನ್ಯೊ ಇಸ್ಕ್ರಾಳ ಮುಖ ನೋಡದೆ ಟೋಪಿಯನ್ನು ಮಂಡಿಗೆ ಬಡಿದು ಧೂಳು ಕೊಡವುತ್ತಿದ್ದ.

"ಉಪಕಾರ ಆಯ್ತು ಮಾವ," ಎಂದಳು ಇಸ್ಕ್ರಾ.

ಸಂಜೆ ಮಳೆ ಬಂತು. ಬೆಳಿಗ್ಗೆ ಹೊತ್ತಿಗೆ ನೆಲದ ಮೇಲೆ ಒಂದು ಹರಳೂ ಉಳಿದಿರಲಿಲ್ಲ.

ಆಮೇಲಿನ ದಿನಗಳಲ್ಲಿ ಗಿಡಗಳು ಬೆಳೆದದ್ದು ಕಣ್ಣಿಗೆ ಕಾಣುವಂತಿತ್ತು. ಎಲೆಗಳು ಕಪ್ಪು ಹಸಿರಾದವು, ಅಂಗೈಯಷ್ಟಿದ್ದದ್ದು ತಟ್ಟೆಯಷ್ಟಾಯಿತು. ಕೊನೆಯ ನಾಲ್ಕು ಸಾಲು ಮಾತ್ರ ತಮ್ಮ ಪಾಡಿಗೆ ತಾವು ನಿಧಾನವಾಗಿ ಏಳುತ್ತಿದ್ದವು. ದಾರಿಯಲ್ಲಿ ಹೋಗುವವರು ನಿಂತು, "ನೋಡಿದ್ಯಾ, ಹೆಂಗೆ ಚೇತರಿಸ್ಕೊಂತು!" ಎನ್ನುತ್ತಿದ್ದರು. ಇಸ್ಕ್ರಾ ತಲೆಯಾಡಿಸುತ್ತಿದ್ದಳು. ಅವಳಿಗೆ ಸಿಟ್ಟು ಬರಬೇಕಿತ್ತು. ಅದೂ ಬರಲಿಲ್ಲ.

ಸತ್ತವರನ್ನು ನೆನೆಯುವ ಶನಿವಾರ ಅವಳೂ ಗುನಾಳೂ ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿ ತೆಗೆದುಕೊಂಡು ಸಮಾಧಿಗೆ ಹೋದರು. ಗುನಾ ಗೆಳತಿಯರ ಜೊತೆ ಅಲ್ಲೇ ಕುಳಿತಳು. ಇಸ್ಕ್ರಾ ಹಿಂದಿನ ದಾರಿಯಿಂದ ಒಬ್ಬಳೇ ಮರಳಿದಳು. ಆ ದಾರಿ ಕಾನ್ಯೊನ ಮೆಕ್ಕೆಜೋಳದ ಹೊಲದ ಬದುವಿನ ಮೇಲೆ ಹೋಗುತ್ತದೆ.

ಜೋಳದ ಕೆಳಗಿನ ಎಲೆಗಳೆಲ್ಲ ತುದಿಯಿಂದ ನಡುನರದ ಉದ್ದಕ್ಕೂ ಹಳದಿಯಾಗಿದ್ದವು. ಸಾರಜನಕ ಸಾಲದ ಗಿಡದ ಇದೇ ಚಿತ್ರ ಅವಳ ಪಠ್ಯಪುಸ್ತಕದಲ್ಲಿತ್ತು, ಪರೀಕ್ಷೆಗೆ ಬರೆದಿದ್ದಳು. ಪುಸ್ತಕದಲ್ಲಿ ಇದ್ದದ್ದು ಒಂದು ಎಲೆ. ಇಲ್ಲಿ ಹೊಲ ಪೂರ್ತಿ.

ಆ ಗೊಬ್ಬರ ಯಾವ ಹೊಲಕ್ಕೆಂದು ತಂದಿಟ್ಟದ್ದು ಎಂಬುದು ಅವಳಿಗೆ ಆಗ ಹೊಳೆಯಿತು. ಕಾನ್ಯೊ ಮನೆಯಲ್ಲಿ ಇದ್ದದ್ದನ್ನೆಲ್ಲ ತಂದು ಸುರಿದು, ಕೊನೆಯ ನಾಲ್ಕು ಸಾಲಿಗೆ ಸಾಲದೆ ಹೋಯಿತೆಂದು ಕ್ಷಮೆ ಕೇಳಿದ್ದ. ಅವಳು ಬದುವಿನ ಮೇಲೆ ಕುಳಿತಳು. ಒಂದು ಹಳದಿ ಎಲೆಯನ್ನು ಬೆರಳುಗಳ ನಡುವೆ ಹಿಡಿದುಕೊಂಡು ಬಹಳ ಹೊತ್ತು ಕುಳಿತಳು. ಎದ್ದಾಗ ಒಂದು ವಿಷಯ ಸ್ಪಷ್ಟವಾಗಿತ್ತು. ತನ್ನ ಸೂರ್ಯಕಾಂತಿ ಹೊಲ ಮಲಗಬಾರದು.

ಹಾಕಿದ್ದನ್ನು ತೆಗೆಯಲು ಬರುವುದಿಲ್ಲ. ಆದರೆ ಬುಡಕ್ಕೆ ಮಣ್ಣು ಏರಿಸಬಹುದು. ಗಿಡ ಮೊಣಕಾಲು ದಾಟುವ ಮೊದಲು ಎರಡೂ ಕಡೆಯಿಂದ ಮಣ್ಣು ಕೊಟ್ಟರೆ ಬೇರು ಬಿಗಿಯಾಗುತ್ತದೆ, ಗಾಳಿಗೆ ತಡೆಯುತ್ತದೆ. ಅದಕ್ಕೆ ಬೇಕಾದದ್ದು ಬೋದು ಏರಿಸುವ ನೇಗಿಲು, ಎರಡು ರೆಕ್ಕೆಯದು. ಅಂಥದ್ದೊಂದು ಅವರ ಕೊಟ್ಟಿಗೆಯಲ್ಲೇ ಇತ್ತು. ಆಲೂಗಡ್ಡೆ ಹಾಕುವಾಗ ದೊಬ್ರಿನ್ ಅದನ್ನು ರೆಮ್ಜಿಯಿಂದ ಕಡ ತಂದಿದ್ದ. ಅವನ ಕೈಯಲ್ಲಿ ಅದರ ಒಂದು ಮೇಳಿ, ಅಂದರೆ ಹಿಡಿಕೆ, ಮುರಿದಿತ್ತು. ಕಡ ತಂದದ್ದನ್ನು ಮುರುಕಾಗಿ ಕೊಡುವುದು ಹೇಗೆಂದು, ಅಕೇಶಿಯದ ಕೊಂಬೆ ಕಡಿದು, ನಾಲ್ಕಾರು ಸಂಜೆ ಜಗಲಿಯಲ್ಲಿ ಕುಳಿತು ಹೊಸ ಮೇಳಿ ಕೆತ್ತಿ ಕೂರಿಸಿದ್ದ. ಕೊಡುವುದೊಂದು ಬಾಕಿ ಇತ್ತು.

ಆದರೆ ಸೋಮವಾರದಿಂದ ರುಸಾಲಿ ವಾರ. ಹೊಲಗಳಲ್ಲಿ ರುಸಾಲಿಯರೆಂಬ ಹೆಣ್ಣು ದೆವ್ವಗಳು ಓಡಾಡುವ ವಾರ. ಆ ವಾರ ಯಾರೂ ನೆಲಕ್ಕೆ ಕಬ್ಬಿಣ ತಾಗಿಸುವುದಿಲ್ಲ, ಕುದುರೆ ಹೂಡುವುದಿಲ್ಲ. ಹೆಂಗಸರಂತೂ ಹೊಲದ ಕಡೆ ತಲೆ ಹಾಕುವುದಿಲ್ಲ.

"ಆ ವಾರ ಕಳೀಲಿ, ಆಮೇಲೆ ಮಾಡು," ಎಂದಳು ಗುನಾ.

"ಅಷ್ಟೊತ್ತಿಗೆ ಗಿಡ ಸೊಂಟಕ್ಕೆ ಬಂದಿರುತ್ತೆ ಅತ್ತೆ. ನೇಗಿಲು ಹೋದ್ರೆ ಮುರಿಯುತ್ತೆ."

"ಈ ಮನೇಲಿ ಒಂದು ಸಾವು ಸಾಲದಾ ನಿಂಗೆ?"

ಇಸ್ಕ್ರಾ ಹೊರಗೆ ಹೋಗಿ ನೇಗಿಲಿನ ಮೇಲಿನ ಗೋಣಿ ತೆಗೆದಳು. ಆಮೇಲೆ ರೆಮ್ಜಿಯ ಮನೆಗೆ ಹೋದಳು. ರೆಮ್ಜಿ ತುರ್ಕರವನು, ಊರಿನ ಕೆಳಗಿನ ಬೀದಿಯವನು. ಅವನ ವಾರಗಳು ಬೇರೆ.

ಸೋಮವಾರ ಬೆಳಿಗ್ಗೆ ಅವನು ಕುದುರೆ ಹಿಡಿದುಕೊಂಡು ಗೇಟಿನ ಮುಂದೆ ನಿಂತಿದ್ದ. ಗುನಾ ಬಾಗಿಲಿಗೆ ಅಡ್ಡವಾಗಿ ನಿಂತಳು.

"ರೆಮ್ಜಿ, ನಿಂಗಾದ್ರೂ ಬುದ್ಧಿ ಬೇಡ್ವೇನೋ?"

"ನಂಗೇನೂ ಆಗಲ್ಲ ಅಮ್ಮ, ನಿಮ್ಮ ರುಸಾಲಿಯರಿಗೆ ನನ್ನ ಪರಿಚಯ ಇಲ್ಲ," ಎಂದ ರೆಮ್ಜಿ. "ಈ ಕುದುರೇದೇ ಯೋಚನೆ. ಇದನ್ನ ಕಾನ್ಯೊ ಹತ್ರ ಕೊಂಡಿದ್ದು. ನಿಮ್ಮ ಮತದ್ದು."

ಗುನಾ ನಗಲಿಲ್ಲ. ಒಳಗೆ ಹೋದಳು. ಅವಳು ಮತ್ತೆ ಹೊರಗೆ ಬರುವುದಿಲ್ಲ ಅಂದುಕೊಂಡು ಅವರು ಹೊರಡುವಷ್ಟರಲ್ಲಿ ಹಿತ್ತಲಿನಿಂದ, ರುಸಾಲಿಯರು ಹತ್ತಿರ ಸುಳಿಯದಿರಲೆಂದು, ಒಂದು ಹಿಡಿ ಮಾಚಿಪತ್ರೆ ಕಿತ್ತು ತಂದಳು. ಅರ್ಧವನ್ನು ಸೊಸೆಯ ಸೊಂಟಪಟ್ಟಿಗೆ ಸಿಕ್ಕಿಸಿದಳು, ಗಟ್ಟಿಯಾಗಿ, ಚುಚ್ಚುವಂತೆ. ಉಳಿದರ್ಧವನ್ನು ಕುದುರೆಯ ಕಡಿವಾಣಕ್ಕೆ ಕಟ್ಟಿದಳು. ಒಂದು ಎಸಳು ಕೈಯಲ್ಲಿ ಉಳಿಯಿತು. ಅದನ್ನು ಸ್ವಲ್ಪ ಹೊತ್ತು ನೋಡಿ ರೆಮ್ಜಿಯ ಜೇಬಿಗೆ ತುರುಕಿದಳು.

"ಪರಿಚಯ ಇಲ್ದಿದ್ರೆ ಮಾಡ್ಕೋತಾರೆ," ಎಂದಳು.

ರೆಮ್ಜಿ ಕುದುರೆಯ ಮುಂದೆ, ಇಸ್ಕ್ರಾ ನೇಗಿಲಿನ ಹಿಂದೆ. ಮೊದಲ ಸಾಲು ಹಾವು ಹರಿದಂತೆ ಹೋಯಿತು. "ರಸ್ತೆ ಹಾಕ್ತಿಲ್ಲ ತಂಗೀ, ಮಣ್ಣು ಏರಿಸ್ತಿದ್ದೀವಿ," ಎಂದು ರೆಮ್ಜಿ ತಿರುಗದೆಯೇ ಕೂಗಿದ. ಎರಡನೆಯ ಸಾಲಿನಲ್ಲಿ ಅವಳಿಗೆ ಗೊತ್ತಾಯಿತು, ನೇಗಿಲನ್ನು ಒತ್ತಬಾರದು, ಹಿಡಿದಿರಬೇಕು ಅಷ್ಟೇ. ಬಲಗೈಯಲ್ಲಿ ಹಳೆಯ ಮೇಳಿ ಇತ್ತು, ಎಡಗೈಯಲ್ಲಿ ಹೊಸದು. ಹೊಸದರ ಅಡಿಯಲ್ಲಿ ಬೆರಳು ಕೂರುವಲ್ಲಿ ಸ್ವಲ್ಪ ತಗ್ಗು ಮಾಡಿದ್ದ. ತನ್ನ ಬೆರಳಿಗೆಂದು ಮಾಡಿಕೊಂಡದ್ದು. ಅವಳ ಬೆರಳು ಅದರೊಳಗೆ ಸಡಿಲವಾಗಿ ಕೂತಿತು. ಎರಡೂ ಕಡೆ ಕಪ್ಪು ಮಣ್ಣು ಎದ್ದು ಗಿಡದ ಬುಡಕ್ಕೆ ಒರಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಊರಿನ ಕೆಲವರು ಅಕೇಶಿಯ ಮರಗಳ ಕೆಳಗೆ ಬಂದು ನಿಂತು ನೋಡಿದರು. ಯಾರೂ ಹೊಲದೊಳಗೆ ಕಾಲಿಡಲಿಲ್ಲ. ಪೆನಾ ಮಾತ್ರ ಬದುವಿನ ತುದಿಯವರೆಗೆ ಬಂದು, ಮೊಸರಿನ ಕೊಡ ನೆಲದ ಮೇಲಿಟ್ಟು, ಶಿಲುಬೆ ಗುರುತು ಹಾಕಿಕೊಂಡು ಓಡಿ ಹೋದಳು.

ಜುಲೈಯಲ್ಲಿ ಹೊಲ ಹೂ ಬಿಟ್ಟಿತು. ಆಳೆತ್ತರಕ್ಕಿಂತ ಮೇಲೆ. ತಿಂಗಳ ಕೊನೆಗೆ ಕಡಲಿನ ಕಡೆಯಿಂದ ಬಿರುಗಾಳಿ ಬಂತು. ಬೆಳಿಗ್ಗೆ ಇಸ್ಕ್ರಾ ಹೋಗಿ ನೋಡಿದಾಗ ಕೆಲವು ಗಿಡಗಳು ಒಂದರ ಮೇಲೊಂದು ಒರಗಿದ್ದವು. ಮರಗಳ ಹತ್ತಿರದ ಒಂದು ಮೂಲೆ ನೆಲಕ್ಕೆ ಅಂಟಿತ್ತು. ಉಳಿದದ್ದು ನಿಂತಿತ್ತು. ಕೊನೆಯ ನಾಲ್ಕು ಸಾಲಿನಲ್ಲಿ ಒಂದು ಗಿಡವೂ ಬಾಗಿರಲಿಲ್ಲ. ಅವು ಎದೆಯೆತ್ತರಕ್ಕೇ ನಿಂತು, ಗಟ್ಟಿಯಾದ ಸಣ್ಣ ಹೂಗಳನ್ನು ಹೊತ್ತಿದ್ದವು.

ಸೆಪ್ಟೆಂಬರಿನಲ್ಲಿ ಕೊಯ್ಲಿಗೆ ಕರೆಯದೆಯೇ ಎಲ್ಲರೂ ಬಂದರು. ಕುಡುಗೋಲಿನಿಂದ ಹೂತಲೆಗಳನ್ನು ಕೊಯ್ದು, ತಾಡಪಾಲಿನ ಮೇಲೆ ಕೋಲಿನಿಂದ ಬಡಿದರು. ಕೊನೆಯ ನಾಲ್ಕು ಸಾಲನ್ನು ಇಸ್ಕ್ರಾ ತಾನೇ ಕೊಯ್ದು ಬೇರೆ ಬಡಿದಳು. ಅದೊಂದು ಸಣ್ಣ ಚೀಲವಾಯಿತು. ಯಾಕೆಂದು ಯಾರೂ ಕೇಳಲಿಲ್ಲ. ಗಂಡ ಸತ್ತವಳು ಏನು ಮಾಡಿದರೂ ಆ ವರ್ಷ ಯಾರೂ ಕೇಳುವುದಿಲ್ಲ.

ಚೀಲಗಳನ್ನು ಪಕ್ಕದ ಊರಿನ ಎಣ್ಣೆ ಗಿರಣಿಗೆ ಒಯ್ದದ್ದು ಕಾನ್ಯೊನ ಗಾಡಿಯಲ್ಲಿ. ಗಿರಣಿಯ ಹೆಂಗಸು ದೊಡ್ಡ ಚೀಲದಿಂದ ಒಂದು ಕಾಳು ತೆಗೆದು ಹಲ್ಲಿನಲ್ಲಿ ಒಡೆದಳು.

"ಸಿಪ್ಪೆ ದಪ್ಪ. ಚೀಲ ತುಂಬಾ ಇದೆ, ಎಣ್ಣೆ ಅಷ್ಟಿಲ್ಲ. ಗೊಬ್ಬರ ಜಾಸ್ತಿ ತಿನ್ಸಿದ್ದೀರಾ?"

ಕಾನ್ಯೊ ಕುದುರೆಯ ಹಗ್ಗ ಸರಿ ಮಾಡುತ್ತಿದ್ದ. ಇಸ್ಕ್ರಾ, "ಇದ್ದಷ್ಟು ಬರಲಿ," ಎಂದಳು.

ಕೊನೆಗೆ ಆ ಹೆಂಗಸು ಸಣ್ಣ ಚೀಲ ಬಿಚ್ಚಿ ಕಾಳು ಒಡೆದಳು. ಇನ್ನೊಂದು ಒಡೆದಳು. ಸಿಪ್ಪೆ ಉಗಿದು, "ಇದು ಯಾರ ಹೊಲದ್ದು?" ಎಂದಳು. "ಇಂಥದ್ದು ಇಟ್ಕೊಂಡು ಅದನ್ನ ಯಾಕೆ ತಂದ್ರಿ?" ಕಾನ್ಯೊನ ಕೈ ಹಗ್ಗದ ಮೇಲೆ ನಿಂತಿತು.

ಬರುವಾಗ ಗಾಡಿಯಲ್ಲಿ ಎಣ್ಣೆಯ ಡಬ್ಬಗಳೂ, ಹಿಂಡಿಯ ಮೂಟೆಗಳೂ ಇದ್ದವು. ಊರಿನ ಅರ್ಧ ದಾರಿಯಲ್ಲಿ ಕಾನ್ಯೊ ಹಿಂತಿರುಗಿ ಡಬ್ಬಗಳನ್ನು ನೋಡಿದ.

"ಆ ಸಣ್ಣ ಚೀಲ," ಎಂದ ಆಮೇಲೆ. "ನಂಗೆ ಸಾಲದೆ ಬಿಟ್ನಲ್ಲ, ಆ ಸಾಲುಗಳದ್ದು ತಾನೆ?"

"ಹೌದು ಮಾವ."

"ನಿಂಗೆ ಅವತ್ತೇ ಗೊತ್ತಿತ್ತು."

ಅವಳು ಖಾಲಿಯಾದ ಸಣ್ಣ ಚೀಲವನ್ನು ಮಡಿಲ ಮೇಲೆ ಮಡಚಿದಳು.

"ಬಾಯಿ ಬಿಟ್ಟು ಬೈಬಾರ್ದಿತ್ತಾ? ಬೇಸಗೆ ಪೂರ್ತಿ ಊರಲ್ಲಿ ಎದೆ ಉಬ್ಬಿಸ್ಕೊಂಡು ತಿರುಗಿದ್ನಲ್ಲ ನಾನು, ನಾನೇ ಉಳಿಸ್ದೆ ಅಂತ!"

"ನಿಮ್ಮ ಜೋಳ ನೋಡ್ದೆ ಮಾವ," ಎಂದಳು ಇಸ್ಕ್ರಾ.

ಕಾನ್ಯೊ ಕುದುರೆಯ ಕಿವಿಗಳ ನಡುವೆ ದೃಷ್ಟಿ ಇಟ್ಟು ಕುಳಿತ. ರಸ್ತೆಯ ಎರಡೂ ಕಡೆ ಕಟಾವಾದ ಹೊಲಗಳು. ಟೋಪಿ ತೆಗೆದು ಮುಖ ಒರೆಸಿಕೊಂಡ.

"ಹಂದಿಗಳಿಗೆ ಹಾಕಕ್ಕೆ ಈ ವರ್ಷ ಏನೂ ಇಲ್ಲ ಅಂತ ಪೆನಾ ಬಾಯಿ ಬಡ್ಕೋತಾಳೆ," ಎಂದ.

"ಹಿಂಡಿ ಇದೆಯಲ್ಲ. ನಿಮ್ಮ ಮನೆ ಮುಂದೇನೇ ಇಳಿಸ್ಕೊಳ್ಳಿ, ಎಲ್ಲಾನೂ. ನಮ್ಮ ಕುರಿಗೆ ಮೇವಿದೆ."

ಅವನು ಬೇಡವೆನ್ನಲಿಲ್ಲ. ಆ ಸಂಜೆ ಪೆನಾ ಹೊಸ ಎಣ್ಣೆಯಲ್ಲಿ ಹಿಟ್ಟಿನ ಬಿಲ್ಲೆಗಳನ್ನು ಕರಿದು, ದೊಬ್ರಿನ್‌ನ ಹೆಸರಿನಲ್ಲಿ ಬೀದಿಗೆಲ್ಲ ಹಂಚಿದಳು. ದೊಡ್ಡ ಚೀಲಗಳ ಎಣ್ಣೆ ಚಳಿಗಾಲ ದಾಟಿಸುವಷ್ಟು ಬಂದಿತ್ತು. ಇಸ್ಕ್ರಾ ಲೆಕ್ಕ ಹಾಕಿದ್ದಷ್ಟಲ್ಲ, ಆದರೂ ಬಂದಿತ್ತು.

ಅಕ್ಟೋಬರಿನ ಒಂದು ಮಧ್ಯಾಹ್ನ ಗೋಧಿ ಬಿತ್ತಲು ಹೊಲ ಸಜ್ಜಾದ ಮೇಲೆ ಇಸ್ಕ್ರಾ ಬೋದು ನೇಗಿಲನ್ನು ಕೊಟ್ಟಿಗೆಯಿಂದ ಹೊರಗೆಳೆದಳು. ವಸಂತದಲ್ಲಿ ಬಂದಾಗ ಅದರ ಕಬ್ಬಿಣದ ತುದಿ, ಗುಳ, ತುಕ್ಕು ಹಿಡಿದಿತ್ತು. ಈಗ ಮಣ್ಣು ಉಜ್ಜಿ ಉಜ್ಜಿ ಬೆಳ್ಳಗಾಗಿತ್ತು. ಸಣ್ಣ ಚೀಲದ ಎಣ್ಣೆ ಬೇರೆ ಬಾಟಲಿಯಲ್ಲಿತ್ತು. ಅದರಿಂದ ಬಟ್ಟೆಯ ಚೂರಿಗೆ ಸ್ವಲ್ಪ ಹಾಕಿಕೊಂಡು ಗುಳವನ್ನೂ ಎರಡು ರೆಕ್ಕೆಗಳನ್ನೂ ಒರೆಸಿದಳು. ಬಾಟಲಿಗೆ ಬಿರಡೆ ಹಾಕಿ ಕೈಗಾಡಿಯಲ್ಲಿ ನೇಗಿಲಿನ ಪಕ್ಕದಲ್ಲೇ ಇಟ್ಟಳು. ಗುನಾ ಬಾಗಿಲಲ್ಲಿ ನಿಂತು ನೋಡಿದಳು.

"ಹೊಸ ಮೇಳಿ," ಎಂದಳು ಗುನಾ.

"ಗೊತ್ತು ಅತ್ತೆ."

ಗುನಾ ಹತ್ತಿರ ಬಂದು ಅದರ ಮೇಲೆ ಒಮ್ಮೆ ಕೈಯಾಡಿಸಿದಳು, ಕುರಿಮರಿಯ ಬೆನ್ನು ಸವರುವಂತೆ. ಆಮೇಲೆ ಗೇಟು ತೆರೆದು ಹಿಡಿದಳು.

ರೆಮ್ಜಿ ಅಂಗಳದಲ್ಲಿ ಈರುಳ್ಳಿ ಹೆಣೆಯುತ್ತಿದ್ದ. ನೇಗಿಲನ್ನು ಕೆಳಗಿಳಿಸಿ, ತಿರುಗಿಸಿ ನೋಡಿ, ಎಡಗಡೆಯ ಮೇಳಿಯ ಮೇಲೆ ಹೆಬ್ಬೆರಳು ಇಟ್ಟ.

"ಇದು ನಂದಲ್ಲ. ಬೇಸಗೇಲೇ ನೋಡಿದ್ದೆ, ಕೇಳೋದು ಹೆಂಗೆ ಅಂತ ಸುಮ್ನಿದ್ದೆ." ಹೆಬ್ಬೆರಳು ಎತ್ತದೆ, "ಬಿಚ್ಚಿ ಕೊಡ್ಲಾ ತಂಗಿ?" ಎಂದ. "ನಂಗೆ ಬೇರೆ ಮಾಡ್ಕೊಳ್ಳಕ್ಕೆ ಒಂದು ದಿನ ಸಾಕು."

ಇಸ್ಕ್ರಾ ಅದನ್ನು ಹಿಡಿದಳು. ತಗ್ಗಿನಲ್ಲಿ ಬೆರಳು ಇಟ್ಟಳು. ಬೇಸಗೆಯಲ್ಲಿ ಸಡಿಲವಾಗಿದ್ದ ಬೆರಳು ಈಗ ಗಂಟು ಕಟ್ಟಿ ಸ್ವಲ್ಪ ದಪ್ಪವಾಗಿತ್ತು.

"ಬೇಡ ಅಣ್ಣ. ಬಿಗಿಯಾಗಿ ಕೂತಿದೆ. ಬಿಚ್ಚಿದ್ರೆ ಆಮೇಲೆ ಯಾವಾಗ್ಲೂ ಅಲ್ಲಾಡುತ್ತೆ."

ರೆಮ್ಜಿ ತಲೆಯಾಡಿಸಿ ನೇಗಿಲನ್ನು ಸೂರಿನ ಕೆಳಗಿನ ಗೂಟಗಳ ಮೇಲೆ ಏರಿಸಿದ. ಅವಳು ಬಾಟಲಿಯನ್ನು ಈರುಳ್ಳಿಯ ಪಕ್ಕದಲ್ಲಿ ಇಟ್ಟಳು.

"ಮುಂದಿನ ವಾರ ಕುದುರೆ ಲಾಯದ ಗೊಬ್ಬರ ತೆಗೀತೀನಿ," ಎಂದ ರೆಮ್ಜಿ. "ನಿಮ್ಮ ಹೊಲಕ್ಕೆ ಹಾಕ್ಲಾ? ಕಾನ್ಯೊ ಹೇಳಿದ, ಮೊದ್ಲು ನಿನ್ನ ಕೇಳಬೇಕಂತೆ."

"ಅದಕ್ಕೆ ಬೇಡ. ಕಾನ್ಯೊ ಮಾವನ ಜೋಳದ ಹೊಲಕ್ಕೆ ಹಾಕಿ. ಧಾರಾಳವಾಗಿ."

ಖಾಲಿ ಕೈಗಾಡಿ ಕೆಳಬೀದಿಯ ಕಲ್ಲುಗಳ ಮೇಲೆ ಗಡಗಡಿಸಿಕೊಂಡು ಬಂತು. ಗೇಟಿನ ಮುಂದೆ ನಿಂತು ಅವಳು ಕಣ್ಣಿನ ಮೇಲೆ ಬಿದ್ದ ಸ್ಕಾರ್ಫನ್ನು ಹಿಂದಕ್ಕೆ ಸರಿಸಿದಳು. ಕೈ ಮುಖದ ಹತ್ತಿರವೇ ನಿಂತಿತು. ಬೆರಳುಗಳಲ್ಲಿ ಎಣ್ಣೆಯ ವಾಸನೆ ಇತ್ತು, ಹುರಿದ ಕಾಳಿನದು. ಅವಳು ಮತ್ತೊಮ್ಮೆ ಉಸಿರೆಳೆದುಕೊಂಡಳು. ಅಂಗಳದಲ್ಲಿ ಕೋಳಿಗಳು ಅವಳ ಹೆಜ್ಜೆ ಗುರುತಿಸಿ ಓಡಿ ಬಂದವು.

"ಹಾಕಿದ್ದೀನಿ," ಎಂದಳು ಗುನಾ ಒಳಗಿನಿಂದ.